ಒಂದು ಲೇನ್, ನಾಲ್ಕು ಜನ

ಏಪ್ರಿಲ್, ಮೇ ತಿಂಗಳಲ್ಲಿ ಪುಣೆಯ ಯಾವ ಸಾರ್ವಜನಿಕ ಈಜುಕೊಳದಲ್ಲೂ ಒಬ್ಬರಿಗೇ ಒಂದು ಲೇನ್ ಸಿಗುವ ಮಾತಿಲ್ಲ. ನಟ ನಿಳು ಫುಲೆಯವರ ಹೆಸರಿನ ಪಾಲಿಕೆ ಕೊಳವಿರಲಿ, ಕಾಸಾರವಾಡಿ, ನೆಹರೂನಗರಗಳಲ್ಲಿ ಪಿಂಪ್ರಿ-ಚಿಂಚವಡ ಪಾಲಿಕೆಯ ಕೊಳಗಳಿರಲಿ, 1906ರಲ್ಲಿ ಶುರುವಾದ ಡೆಕ್ಕನ್ ಜಿಮ್‌ಖಾನಾ ಕ್ಲಬ್ಬಿನ ತಿಲಕ್ ಟ್ಯಾಂಕ್ ಇರಲಿ, ಬ್ಯಾಚಿನ ಸೀಟಿ ಊದಿದ ಕೂಡಲೇ ಹತ್ತಾರು ಜನ ಒಟ್ಟಿಗೆ ನೀರಿಗಿಳಿಯುತ್ತಾರೆ. ಒಂದು ಬ್ಯಾಚು ಸಾಮಾನ್ಯವಾಗಿ ಮುಕ್ಕಾಲು ಗಂಟೆ, ಹೆಚ್ಚೆಂದರೆ ಒಂದು ಗಂಟೆ. ಮಂಡಿನೋವಿಗೆ ಈಜು ಒಳ್ಳೆಯದೆಂದು ವೈದ್ಯರು ಹೇಳಿದ್ದರಿಂದ ಬಂದ ಅಜ್ಜ, ಟ್ರಯಥ್ಲಾನ್‌ಗೆ ತಯಾರಿ ನಡೆಸಿರುವ ಹಿಂಜವಡಿಯ ಐಟಿ ಉದ್ಯೋಗಿ, ಹೋದ ತಿಂಗಳಷ್ಟೇ ಈಜು ಕಲಿತ ಹುಡುಗಿ, ಜಿಲ್ಲಾ ಮಟ್ಟದ ಸ್ಪರ್ಧೆಗೆ ಹೊರಟ ಹುಡುಗ, ಈ ನಾಲ್ವರೂ ಒಂದೇ ಲೇನಿನಲ್ಲಿ ಸೇರಿದರೆ ಆಶ್ಚರ್ಯವಿಲ್ಲ. ಆ ಮುಕ್ಕಾಲು ಗಂಟೆ ನಾಲ್ವರಿಗೂ ದಕ್ಕಬೇಕಾದರೆ ಕೆಲವು ರೀತಿನೀತಿ ಗೊತ್ತಿರಬೇಕು. ಅವುಗಳಲ್ಲಿ ಹೆಚ್ಚಿನವು ಯಾವ ಬೋರ್ಡಿನ ಮೇಲೂ ಬರೆದಿರುವುದಿಲ್ಲ.

ಬೆಳಗಾವಿ, ವಿಜಯಪುರ, ಕೊಲ್ಹಾಪುರ, ಸಾತಾರದ ಕಡೆಯಿಂದ ಬಂದು ಪುಣೆಯಲ್ಲಿ ನೆಲೆಸಿದ ಹಿರಿಯರಲ್ಲಿ ಬಹಳ ಮಂದಿ ಈಜು ಕಲಿತದ್ದು ಬಾವಿಯಲ್ಲಿ, ಹೊಳೆಯಲ್ಲಿ. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು ಅಪ್ಪನೋ ಕಾಕಾನೋ ನೀರಿಗೆ ದಬ್ಬಿದರೆ ಪಾಠ ಶುರು. ಅಲ್ಲಿ ದಂಡೆಯಿಂದ ಜಿಗಿಯುವುದೇ ನೀರಿಗಿಳಿಯುವ ರೀತಿ. ಹೋಗುವ ದಿಕ್ಕು ಮನಸ್ಸಿಗೆ ಬಂದದ್ದು. ತಲೆ ಸದಾ ನೀರಿನ ಮೇಲಿರುವುದರಿಂದ ಎದುರಿಗೆ ಬಂದವರು ಕಾಣುತ್ತಾರೆ, ಕೂಗಿದರೆ ಕೇಳುತ್ತದೆ. ಕೋಚ್ ಹತ್ತಿರ ಫ್ರೀಸ್ಟೈಲ್ ಕಲಿತವರ ಸ್ಥಿತಿ ಬೇರೆ. ಅವರ ಕಣ್ಣು ಕೊಳದ ತಳದ ಕಪ್ಪು ಗೆರೆಯ ಮೇಲೆ, ಕಿವಿಯಲ್ಲಿ ನೀರು, ಕನ್ನಡಕದ ಗಾಜಿಗೆ ಮಂಜು. ಎದುರಿನವರು ಕಾಣುವ ಹೊತ್ತಿಗೆ ತಲೆಗೆ ತಲೆ ತಾಗಿರುತ್ತದೆ. ಲೇನಿನೊಳಗೆ ಮಾತಿಗೆ ಮಾತು ಬೆಳೆಯುವುದು ಬಹಳಷ್ಟು ಸಲ ಈ ಎರಡು ಅಭ್ಯಾಸಗಳ ನಡುವೆ. ಇಬ್ಬರಲ್ಲಿ ಯಾರೂ ಒರಟರಲ್ಲ. ಒಬ್ಬರಿಗೆ ಎಲ್ಲವೂ ಕಾಣುತ್ತದೆ, ಇನ್ನೊಬ್ಬರಿಗೆ ಏನೂ ಕಾಣುವುದಿಲ್ಲ, ಅಷ್ಟೇ. ಈಜುತ್ತಿರುವಾಗ ಹೇಳಲೂ ಆಗದು, ಕೇಳಲೂ ಆಗದು. ಆದ್ದರಿಂದ ಹೇಳಬೇಕಾದದ್ದನ್ನೆಲ್ಲ ಗೋಡೆಯ ಹತ್ತಿರ ನಿಂತಾಗಲೇ ಹೇಳಿಬಿಡಬೇಕು. ಲೇನಿನ ಉಳಿದ ಎಲ್ಲ ನಿಯಮಗಳೂ ಇದರ ಹಿಂದೆ ಬರುವಂಥವು.

ಲೇನಿಗೆ ಸೇರುವಾಗಿನ ಮೊದಲ ಮಾತೇ ಬಹಳ ಮುಖ್ಯ. ಈಗಾಗಲೇ ಒಬ್ಬರೋ ಇಬ್ಬರೋ ಈಜುತ್ತಿರುವ ಲೇನಿಗೆ ಹೊಸಬರು ಸದ್ದಿಲ್ಲದೆ ಇಳಿದು ಹೊರಟರೆ ಒಳಗಿದ್ದವರಿಗೆ ಅದರ ಸುಳಿವೇ ಇರುವುದಿಲ್ಲ. ತಮ್ಮದೇ ಲೇನೆಂದು ನಡುಗೆರೆಯ ಮೇಲೆ ನಿಶ್ಚಿಂತೆಯಿಂದ ಬರುತ್ತಿರುತ್ತಾರೆ. ಮೊದಲು ದಂಡೆಯ ಮೇಲೆ ಕೂತು ಕಾಲು ಇಳಿಬಿಟ್ಟು ಅವರ ಒಂದೆರಡು ಸುತ್ತು ನೋಡಬೇಕು. ಯಾವ ಕಡೆಯಿಂದ ಹೋಗುತ್ತಾರೆ, ಎಷ್ಟು ವೇಗ ಎಂಬುದು ತಿಳಿಯುತ್ತದೆ. ಅವರು ಗೋಡೆಗೆ ಬಂದು ನಿಂತಾಗ ಕೇಳಬೇಕು. ಪುಣೆಯಲ್ಲಿ ಅದು ಮರಾಠಿಯಲ್ಲಾದರೆ ಕೆಲಸ ಸಲೀಸು: "ಕಾಕಾ, ಮೀ ಯಾ ಲೇನ್‌ಮಧ್ಯೇ ಯೇಊ ಕಾ?" (ನಾನು ಈ ಲೇನಿಗೆ ಬರಲೇ?) ಹಿರಿಯ ಹೆಂಗಸಾದರೆ ಕಾಕೂ, ಓರಗೆಯವರಾದರೆ ದಾದಾ ಅಥವಾ ತಾಯಿ (ಅಕ್ಕ ಎಂಬ ಅರ್ಥದಲ್ಲಿ). ಹಿಂದೆಯೇ ಎರಡನೆಯ ಪ್ರಶ್ನೆ: "ಉಜವ್ಯಾ ಬಾಜೂನೇ ಜಾಯಚಂ ಕಾ?" ಬಲಗಡೆಯಿಂದ ಹೋಗುವುದೇ ಎಂದು. ಈ ಎರಡು ವಾಕ್ಯಕ್ಕೆ ಹತ್ತು ಸೆಕೆಂಡು ಸಾಕು. ಒಳಗಿದ್ದವರು ನಿಲ್ಲದೆ ತಿರುಗಿ ಹೋಗುವ ಪೈಕಿಯವರಾದರೆ, ಅವರು ಗೋಡೆ ಸಮೀಪಿಸುವಾಗ ನೀರೊಳಗೆ ಕಾಲು ಆಡಿಸಿದರೆ ಕಣ್ಣಿಗೆ ಬೀಳುತ್ತದೆ. ಆಮೇಲೂ ಜಿಗಿಯಬಾರದು. ಮೂಲೆಯಲ್ಲಿ, ಕಾಲು ಮುಂದಾಗಿ, ಮೆಲ್ಲಗೆ ಜಾರಿ ಇಳಿಯಬೇಕು. ತಲೆ ಮುಂದಾಗಿ ಧುಮುಕುವುದು ಕೋಚ್ ಹೇಳಿದ ಜಾಗದಲ್ಲಿ, ನೀರು ಆಳವಿರುವಲ್ಲಿ ಮಾತ್ರ.

ಬಲವೋ ಎಡವೋ ಎಂದು ಕೇಳಲೇಬೇಕಾದ ಕಾರಣವಿದೆ. ಇಡೀ ಜಗತ್ತಿಗೆ ಇದರಲ್ಲಿ ಒಂದೇ ಪದ್ಧತಿ ಇಲ್ಲ. ಅಮೆರಿಕದಲ್ಲಿ ಬಲಗಡೆ ಹಿಡಿದು, ಅಂದರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತಾರೆ. ಆಸ್ಟ್ರೇಲಿಯದಲ್ಲಿ ರಸ್ತೆಯಲ್ಲಿರುವಂತೆ ಎಡಗಡೆ. ಬ್ರಿಟನ್ನಿನ ಅನೇಕ ಕೊಳಗಳಲ್ಲಿ ಒಂದು ಲೇನ್ ಮುಳ್ಳಿನ ದಿಕ್ಕಿಗೆ, ಪಕ್ಕದ್ದು ಅದಕ್ಕೆ ವಿರುದ್ಧ, ಹೀಗೆ ಒಂದು ಬಿಟ್ಟು ಒಂದು ಬದಲಾಗುತ್ತದೆ. ಆಗ ಲೇನುಗಳ ನಡುವಿನ ಹಗ್ಗದ ಎರಡೂ ಬದಿಯವರು ಒಂದೇ ದಿಕ್ಕಿಗೆ ಹೋಗುತ್ತಿರುವುದರಿಂದ, ಹಗ್ಗದಾಚೆಗೆ ಚಾಚಿದ ಕೈಗಳು ಎದುರುಬದುರಾಗಿ ಬಡಿದುಕೊಳ್ಳುವುದಿಲ್ಲ. ಭಾರತದಲ್ಲಿ ಕೊಳದಿಂದ ಕೊಳಕ್ಕೆ, ಕೆಲವೊಮ್ಮೆ ಕೋಚ್‌ನಿಂದ ಕೋಚ್‌ಗೆ ರೂಢಿ ಬೇರೆ. ಬೋರ್ಡುಗಳಿಗೇ ಹೆಸರಾದ ಊರು ಪುಣೆ. ಕೊಳದ ಗೋಡೆಯ ಮೇಲೆ ಬಾಣದ ಗುರುತಿನ ಬೋರ್ಡಿದ್ದರೆ ಅದೇ ಕೊನೆಯ ಮಾತು. ಇಲ್ಲದಿದ್ದರೆ ಲೇನಿನಲ್ಲಿ ಮೊದಲೇ ಇದ್ದವರ ರೂಢಿಗೆ ಹೊಸಬರು ಹೊಂದಿಕೊಳ್ಳಬೇಕು, ತಾವು ಕಲಿತದ್ದು ಬೇರೆಯಾಗಿದ್ದರೂ.

ಲೇನಿನಲ್ಲಿ ಇಬ್ಬರೇ ಇದ್ದರೆ ಸುತ್ತು ಹೊಡೆಯುವ ಅಗತ್ಯವಿಲ್ಲ. ಒಬ್ಬರು ಕಪ್ಪು ಗೆರೆಯ ಎಡಕ್ಕೆ, ಇನ್ನೊಬ್ಬರು ಬಲಕ್ಕೆ, ತಂತಮ್ಮ ಅರ್ಧದಲ್ಲಿ ಹೋಗಿಬಂದರೆ ವೇಗ ಬೇರೆಯಾದರೂ ತೊಂದರೆಯಿಲ್ಲ. ಮೂರನೆಯವರು ಬಂದ ಕೂಡಲೇ ಈ ಏರ್ಪಾಡು ಮುರಿಯುತ್ತದೆ; ಆಗ ಸುತ್ತೇ ದಾರಿ. ಇಲ್ಲೇ ಅವಘಡ ಹೆಚ್ಚು. ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಬದಲಾವಣೆ ತಿಳಿದು, ಇನ್ನೊಬ್ಬರು ಹಳೆಯ ಲೆಕ್ಕದಲ್ಲೇ ಬರುತ್ತಿರುತ್ತಾರೆ. ಮೂವರೂ ಗೋಡೆಯ ಹತ್ತಿರ ಸೇರಿ "ಇನ್ನು ಸುತ್ತು" ಎಂದು ಒಪ್ಪಿಕೊಳ್ಳುವ ತನಕ ಮೂರನೆಯವರು ಹೊರಡಬಾರದು.

ಲೇನಿನ ಅಳತೆ ತಿಳಿದಿದ್ದರೆ ಈ ಎಚ್ಚರಿಕೆಯೆಲ್ಲ ಯಾಕೆಂದು ಅರ್ಥವಾಗುತ್ತದೆ. ಅಂತರರಾಷ್ಟ್ರೀಯ ಸ್ಪರ್ಧೆಯ 50 ಮೀಟರ್ ಕೊಳದಲ್ಲಿ ಒಂದು ಲೇನಿನ ಅಗಲ ಎರಡೂವರೆ ಮೀಟರ್. 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಎದ್ದುನಿಂತ, 2008ರ ಕಾಮನ್‌ವೆಲ್ತ್ ಯುವ ಕ್ರೀಡಾಕೂಟವನ್ನೂ ಕಂಡ ಬಾಲೇವಾಡಿಯ ಶಿವಛತ್ರಪತಿ ಕ್ರೀಡಾಸಂಕುಲದಂಥ ಕಡೆ ಈ ಅಳತೆ ಸಿಗುತ್ತದೆ. ಬಡಾವಣೆಯ ಕೊಳಗಳಲ್ಲಿ ಇನ್ನೂ ಕಿರಿದಾಗಿರಬಹುದು. ಮನುಷ್ಯ ಎರಡೂ ಕೈ ಚಾಚಿದರೆ ಅದು ಹೆಚ್ಚುಕಡಿಮೆ ಅವನ ಎತ್ತರದಷ್ಟು, ಅಂದರೆ 1.7 ಮೀಟರಿನ ಆಸುಪಾಸು. ಎದುರುಬದುರಾಗಿ ಇಬ್ಬರು ಬಟರ್‌ಫ್ಲೈ ಹೊಡೆದರೆ ಬೇಕಾಗುವುದು 3.4 ಮೀಟರ್, ಇರುವುದು ಎರಡೂವರೆ. ಆದ್ದರಿಂದ ಹಂಚಿಕೊಂಡ ಲೇನಿನಲ್ಲಿ ಬಟರ್‌ಫ್ಲೈ ಹೊಡೆಯುವವರು ಎದುರಿಗೆ ಯಾರಾದರೂ ಬರುವಾಗ ಒಂದೇ ಕೈ ಬೀಸುತ್ತಾರೆ, ಇಲ್ಲವೇ ಅವರು ದಾಟುವವರೆಗೆ ಫ್ರೀಸ್ಟೈಲ್‌ಗೆ ಬದಲಾಗುತ್ತಾರೆ. ಬ್ರೆಸ್ಟ್‌ಸ್ಟ್ರೋಕ್‌ನವರ ಕೈ ಅಷ್ಟು ಅಗಲವಲ್ಲ, ಆದರೆ ಕಪ್ಪೆಯ ಹಾಗೆ ಹೊರಕ್ಕೆ ಬೀಸುವ ಕಾಲು ಪಕ್ಕದವರ ಪಕ್ಕೆಗೆ ಬಲವಾಗಿಯೇ ಬೀಳುತ್ತದೆ. ಅವರು ಹಗ್ಗದ ಕಡೆಗೆ ಒತ್ತಿಕೊಂಡು ಹೋಗಬೇಕು. ಅಂಗೈಗೆ ಕಟ್ಟುವ ಪ್ಲಾಸ್ಟಿಕ್ ಪ್ಯಾಡಲ್ ತುಂಬಿದ ಲೇನಿಗೆ ಬೇಡವೇ ಬೇಡ. ಅದರ ಅಂಚು ಮುಖಕ್ಕೆ ತಾಗಿದರೆ ಗಾಯವಾಗುತ್ತದೆ.

ಬ್ಯಾಕ್‌ಸ್ಟ್ರೋಕ್‌ನವರ ಕಷ್ಟವೇ ಬೇರೆ. ಛಾವಣಿಯಿರುವ ಕೊಳದಲ್ಲಿ ಮೇಲಿನ ತೊಲೆಯನ್ನು ನೋಡಿಕೊಂಡು ನೇರ ಹೋಗಬಹುದು. ಬಯಲು ಕೊಳದಲ್ಲಿ ಮೇಲೆ ಆಕಾಶ, ಬೆಳಗಿನ ಬಿಸಿಲು ನೇರ ಕಣ್ಣಿಗೆ. ಅರಿವಿಲ್ಲದೆಯೇ ದಾರಿ ಓರೆಯಾಗುತ್ತದೆ. ಅಂಥಲ್ಲಿ ಓರೆಗಣ್ಣಿನಿಂದ ಹಗ್ಗವನ್ನು ಗಮನಿಸುತ್ತಿರಬೇಕು. ಕೊಳದ ಮೇಲೆ ಅಡ್ಡಲಾಗಿ ತೋರಣದಂತೆ ಕಟ್ಟಿರುವ ಸಣ್ಣ ಬಾವುಟಗಳು ಅಲಂಕಾರಕ್ಕಲ್ಲ. ಸ್ಪರ್ಧಾ ನಿಯಮದಂತೆ ಅವು ಗೋಡೆಯಿಂದ ಸರಿಯಾಗಿ 5 ಮೀಟರ್ ದೂರದಲ್ಲಿರುತ್ತವೆ. ಬಾವುಟ ಕಂಡಲ್ಲಿಂದ ಗೋಡೆಗೆ ತಮಗೆ ಎಷ್ಟು ಕೈ ಬೇಕೆಂದು ಒಮ್ಮೆ ಎಣಿಸಿಟ್ಟುಕೊಂಡರೆ, ಗೋಡೆಗೂ ತಲೆ ಬಡಿಯುವುದಿಲ್ಲ, ಅಲ್ಲಿ ನಿಂತವರ ಹೊಟ್ಟೆಗೂ ಬಡಿಯುವುದಿಲ್ಲ. ಹಾಗೆಯೇ ತಳದ ಕಪ್ಪು ಗೆರೆ ಗೋಡೆಗೆ 2 ಮೀಟರ್ ಇರುವಾಗ ಅಡ್ಡಗೆರೆಯೊಂದಿಗೆ ನಿಲ್ಲುತ್ತದೆ. ತಿರುಗಲು ಸಿದ್ಧವಾಗುವ ಗುರುತು ಅದು. ಸುತ್ತು ಹೊಡೆಯುವಾಗ ಅಲ್ಲಿಗೆ ಬಂದ ಮೇಲೆ ಲೇನಿನ ನಡುವಿಗೆ ಸರಿದು, ಗೋಡೆ ಮುಟ್ಟಿ, ಮತ್ತೊಂದು ಬದಿಗೆ ಹೊರಡಬೇಕು. ತುಂಬ ಮೊದಲೇ ನಡುವಿಗೆ ಬಂದರೆ ಆಗಷ್ಟೇ ಗೋಡೆ ಒದ್ದು ಹೊರಟವರಿಗೆ ಢಿಕ್ಕಿಯಾಗುತ್ತದೆ.

ಲೇನ್ ಆರಿಸುವಾಗ ಅಭಿಮಾನಕ್ಕಿಂತ ಲೆಕ್ಕ ಮುಖ್ಯ. 25 ಮೀಟರ್ ಕೊಳವೊಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಒಬ್ಬರು ಒಂದು ಉದ್ದವನ್ನು 30 ಸೆಕೆಂಡಿನಲ್ಲಿ ಮುಗಿಸುತ್ತಾರೆ, ಇನ್ನೊಬ್ಬರು 40 ಸೆಕೆಂಡಿನಲ್ಲಿ. ಹತ್ತು ಸೆಕೆಂಡಿನ ವ್ಯತ್ಯಾಸ ಏನು ಮಹಾ ಎನ್ನಿಸುತ್ತದೆ. ಆದರೆ ಇಬ್ಬರೂ ನಿಲ್ಲದೆ ಸುತ್ತು ಹೊಡೆದರೆ ಮೊದಲಿನವರು ಪ್ರತಿ ನಾಲ್ಕು ನಿಮಿಷಕ್ಕೊಮ್ಮೆ ಎರಡನೆಯವರನ್ನು ಹಿಂದಿನಿಂದ ಬಂದು ಹಿಡಿಯುತ್ತಾರೆ. ಮುಕ್ಕಾಲು ಗಂಟೆಯ ಬ್ಯಾಚಿನಲ್ಲಿ ಹನ್ನೊಂದು ಸಲ. ಲೇನಿನಲ್ಲಿ ನಾಲ್ವರಿದ್ದು ನಾಲ್ವರ ವೇಗವೂ ಬೇರೆಯಾದರೆ ಎಷ್ಟು ಸಲ ಯಾರು ಯಾರನ್ನು ದಾಟಬೇಕಾದೀತೆಂದು ಊಹಿಸಬಹುದು. ಹಾಗಾಗಿ ವೇಗಕ್ಕೆ ತಕ್ಕ ಲೇನಿಗೆ ಹೋಗುವುದು ಎಲ್ಲರಿಗೂ ಮಾಡುವ ದೊಡ್ಡ ಉಪಕಾರ. ನಿಧಾನದ ಲೇನಿನಲ್ಲಿ ಈಜುವುದು ಕಡಿಮೆಯೇನಲ್ಲ. ವೇಗದವರು ಖಾಲಿಯಾಗಿದೆ ಎಂಬ ಕಾರಣಕ್ಕೆ ನಿಧಾನದ ಲೇನಿಗೆ ನುಗ್ಗುವುದು ಮಾತ್ರ ನಿಜಕ್ಕೂ ಅನ್ಯಾಯ, ಏಕೆಂದರೆ ಕಲಿಯುತ್ತಿರುವವರು ಹೆದರಿ ಹಗ್ಗಕ್ಕೆ ಜೋತುಬೀಳುತ್ತಾರೆ.

ದಾಟುವುದು ಹೇಗೆ? ಹೊರದೇಶದ ಕೈಪಿಡಿಗಳೆಲ್ಲ ಹೇಳುವ ಉತ್ತರ: ಮುಂದಿನವರ ಅಂಗಾಲನ್ನು ಒಮ್ಮೆ ಬೆರಳಿನಿಂದ ಮೆಲ್ಲಗೆ ತಟ್ಟಬೇಕು; ಅವರು ಗೋಡೆ ತಲುಪಿದ ಮೇಲೆ ಮೂಲೆಗೆ ಸರಿದು ದಾರಿ ಬಿಡುತ್ತಾರೆ. ತಂಡವಾಗಿ ತರಬೇತಿ ಪಡೆದವರ ನಡುವೆ ಈ ಸಂಕೇತ ಚೆನ್ನಾಗಿ ನಡೆಯುತ್ತದೆ. ಪುಣೆಯ ಸಾರ್ವಜನಿಕ ಬ್ಯಾಚಿನಲ್ಲಿ ನಡೆಯುತ್ತದೆಂದು ನಂಬುವುದು ಕಷ್ಟ. ಸಂಕೇತ ಗೊತ್ತಿಲ್ಲದವರಿಗೆ ನೀರೊಳಗೆ ಕಾಲಿಗೆ ಏನೋ ತಾಗಿದರೆ ಗಾಬರಿಯಾಗಿ ಅಲ್ಲೇ ನಿಂತುಬಿಡುತ್ತಾರೆ. ಗಂಡಸೊಬ್ಬ ಅಪರಿಚಿತ ಹೆಂಗಸಿನ ಕಾಲು ಮುಟ್ಟಿದರೆ ಅದರ ಅರ್ಥವೇ ಬೇರೆಯಾಗುತ್ತದೆ, ಹಾಗಾಗುವುದು ಸಹಜವೂ ಹೌದು. ಹಿರಿಯರ ಕಾಲಿಗೆ ಹಿಂದಿನಿಂದ ತಟ್ಟುವುದಂತೂ ಯಾರಿಗೂ ರುಚಿಸದು. ಇಲ್ಲಿಗೆ ಒಗ್ಗುವ ರೀತಿ ಸರಳ: ಗೋಡೆಯ ತನಕ ತಾಳಿಕೊಂಡು, ಅಲ್ಲಿ "ಕಾಕಾ, ಮೀ ಪುಢೇ ಜಾಊ ಕಾ?" ಎಂದು ಕೇಳಿ ಮುಂದೆ ಹೋಗುವುದು. ನಿಧಾನದವರೂ ಹಿಂದೆ ಯಾರೋ ಬರುತ್ತಿದ್ದಾರೆಂಬ ಸುಳಿವು ಸಿಕ್ಕರೆ ತಾವಾಗಿಯೇ ಮೂಲೆಯಲ್ಲಿ ನಿಂತು "ತುಮ್ಹೀ ಪುಢೇ ಜಾ" ಎಂದರೆ ಕೇಳುವ ಪ್ರಮೇಯವೇ ಬರುವುದಿಲ್ಲ. ದಾಟಲು ಬರುವವರನ್ನು ಕಂಡು ಹಟಕ್ಕೆ ಬಿದ್ದು ವೇಗ ಹೆಚ್ಚಿಸುವವರಿದ್ದಾರೆ. ಇನ್ನೂ ಸಾಮಾನ್ಯವಾದದ್ದು, ಗೋಡೆಯಲ್ಲಿ ಐದು ನಿಮಿಷದಿಂದ ನಿಂತವರು ವೇಗದವರು ತಿರುಗುವ ಕ್ಷಣದಲ್ಲೇ ಅವರ ಮುಂದೆ ಹೊರಟುಬಿಡುವುದು. ಎರಡೂ ತಪ್ಪು. ಬರುತ್ತಿರುವವರು ತಿರುಗಿ ಹೋಗಲಿ, ಆಮೇಲೆ ಹೊರಟರೆ ಇಬ್ಬರಿಗೂ ಪೂರ್ತಿ ಉದ್ದ ಸಿಗುತ್ತದೆ.

ಲೇನಿನ ನಡುವಿನಲ್ಲಿ ದಾಟಲೇಬೇಕಾದರೆ ಎದುರಿನಿಂದ ಯಾರೂ ಬರುತ್ತಿಲ್ಲವೆಂದು ತಲೆಯೆತ್ತಿ ನೋಡಿ, ಮುಂದಿನವರನ್ನು ಮುಟ್ಟದೆ, ಒಂದೇ ಬೀಸಿಗೆ ದಾಟಿ ತಮ್ಮ ಬದಿಗೆ ಮರಳಬೇಕು. ಕಾಲ ಹಿಂದೆಯೇ ಅಂಟಿಕೊಂಡು ಬರುವುದೂ ಸಭ್ಯತೆಯಲ್ಲ. ಮುಂದಿನವರು ಸೀಳಿದ ನೀರಿನಲ್ಲಿ ಹಿಂದಿನವರಿಗೆ ಶ್ರಮ ಕಡಿಮೆ ಎಂಬುದು ನಿಜ, ಸೈಕಲ್ ಸ್ಪರ್ಧೆಯವರೂ ಗಾಳಿಯಲ್ಲಿ ಇದನ್ನೇ ಮಾಡುತ್ತಾರೆ. ಆದರೆ ಹಿಂದಿನವರ ಬೆರಳು ಪದೇಪದೇ ಅಂಗಾಲಿಗೆ ತಾಗುತ್ತಿದ್ದರೆ ಮುಂದಿನವರಿಗೆ ಈಜಿನ ಮೇಲೆ ಮನಸ್ಸು ನಿಲ್ಲುವುದಿಲ್ಲ.

ಎಷ್ಟು ಅಂತರ ಇರಬೇಕು? ತರಬೇತಿ ಕೊಳಗಳಲ್ಲಿ ಕನಿಷ್ಠ 5 ಸೆಕೆಂಡು ಎಂಬ ಲೆಕ್ಕವಿದೆ, ಹತ್ತಾದರೆ ಇನ್ನೂ ಒಳ್ಳೆಯದು. ಗೋಡೆಯ ಮೇಲಿನ ದೊಡ್ಡ ಪೇಸ್ ಕ್ಲಾಕ್‌ನ ಸೆಕೆಂಡಿನ ಮುಳ್ಳು ಹನ್ನೆರಡರ ಮೇಲೆ ಬಂದಾಗ ಒಬ್ಬರು, ಒಂದರ ಮೇಲೆ ಬಂದಾಗ ಮತ್ತೊಬ್ಬರು. ಕೊಲ್ಹಾಪುರದ ಈಜುಗಾರ ವೀರಧವಲ್ ಖಾಡೆ ಬೆಂಗಳೂರಿಗೆ ಬಂದು ನಿಹಾರ್ ಅಮೀನ್ ಅವರ ಬಳಿ ತರಬೇತಿ ಪಡೆದು 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಹೋದರು, ಅದೇ ವರ್ಷ ಬಾಲೇವಾಡಿಯ ಯುವ ಕೂಟದಲ್ಲಿ ಚಿನ್ನ ಗೆದ್ದರು, 2010ರ ಗುವಾಂಗ್ಜೌ ಏಷ್ಯನ್ ಕ್ರೀಡಾಕೂಟದಲ್ಲಿ 50 ಮೀಟರ್ ಬಟರ್‌ಫ್ಲೈ ಕಂಚು ತಂದರು. ಅಂಥ ಮಟ್ಟದವರಿಗೂ ದಿನನಿತ್ಯದ ಅಭ್ಯಾಸ ಎಂದರೆ ಹಂಚಿಕೊಂಡ ಲೇನೇ. ಬೆಂಗಳೂರಿನ ಯಾವ ತರಬೇತಿ ಕೊಳಕ್ಕೆ ಹೋದರೂ ಐದಾರು ಮಕ್ಕಳು ಒಂದೇ ಲೇನಿನಲ್ಲಿ, ಒಬ್ಬರಿಗೊಬ್ಬರು ತಾಗದೆ, ಗಂಟೆಗಟ್ಟಲೆ ಸುತ್ತುವುದು ಕಾಣುತ್ತದೆ. ಆ ಶಿಸ್ತಿನ ಗುಟ್ಟು ಗಡಿಯಾರದಲ್ಲಿದೆ. ದೊಡ್ಡವರಿಗೂ ಅದು ಎಟುಕದ ವಿದ್ಯೆಯಲ್ಲ.

ಗೋಡೆಯ ನಡುಭಾಗ ತಿರುಗುವವರದು, ಮೂಲೆ ನಿಲ್ಲುವವರದು. ದಣಿವಾರಿಸಿಕೊಳ್ಳಲು, ಕನ್ನಡಕ ಸರಿಮಾಡಿಕೊಳ್ಳಲು, ಗೆಳೆಯರೊಡನೆ ಎರಡು ಮಾತಾಡಲು ನಿಲ್ಲಬೇಕಾದರೆ ಹಗ್ಗಕ್ಕೆ ಒತ್ತಿ ಮೂಲೆಯಲ್ಲಿ ನಿಲ್ಲಬೇಕು. ಮೂವರು ಸಾಲಾಗಿ ಗೋಡೆಗೆ ಬೆನ್ನು ಕೊಟ್ಟು ನಿಂತರೆ ಬಂದವರು ಮುಟ್ಟುವುದೆಲ್ಲಿ? ಹರಟೆಗೆ ದಂಡೆಯೇ ವಾಸಿ. ಲೇನಿನ ಮಧ್ಯದಲ್ಲಿ ನಿಲ್ಲುವುದು, ಕಾಲು ಸಿಗುವ ಕಡೆ ನೀರಿನಲ್ಲಿ ನಡೆದಾಡುವುದು, ಇಬ್ಬರು ಕಿಕ್‌ಬೋರ್ಡ್ ಹಿಡಿದು ಪಕ್ಕಪಕ್ಕದಲ್ಲಿ ಮಾತಾಡುತ್ತ ಹೋಗುವುದು, ಇವಕ್ಕೆಲ್ಲ ಲೇನ್ ಹಾಕದ ಭಾಗವಿರುತ್ತದೆ.

ಹಗ್ಗದ ಮಾತು ಬಂದದ್ದರಿಂದ ಒಂದು ವಿಷಯ. ಒಲಿಂಪಿಕ್ಸ್‌ನಲ್ಲಿ ಗುರುತು ಹಾಕಿದ ಲೇನುಗಳಿದ್ದ 50 ಮೀಟರ್ ಕೊಳ ಮೊದಲು ಬಳಕೆಗೆ ಬಂದದ್ದು 1924ರ ಪ್ಯಾರಿಸ್‌ನಲ್ಲಿ. ಇವತ್ತಿನ ಹಗ್ಗದಲ್ಲಿ ತಿರುಗುವ ಪ್ಲಾಸ್ಟಿಕ್ ಬಿಲ್ಲೆಗಳಿವೆಯಲ್ಲ, ಅಲೆಯ ಅಬ್ಬರವನ್ನು ಅಡಗಿಸುವ ಆ ವಿನ್ಯಾಸದ ಹಿಂದೆ 1936ರ ಬರ್ಲಿನ್ ಒಲಿಂಪಿಕ್ಸ್‌ನ 100 ಮೀಟರ್ ಬ್ಯಾಕ್‌ಸ್ಟ್ರೋಕ್ ಚಾಂಪಿಯನ್, ಅಮೆರಿಕದ ಅಡಾಲ್ಫ್ ಕೀಫರ್ ಅವರ ದುಡಿಮೆಯಿದೆ. ಬಿಲ್ಲೆಗಳ ಒಳಗೆ ಬಿಗಿಯಾಗಿ ಎಳೆದ ಉಕ್ಕಿನ ತಂತಿ ಇರುತ್ತದೆ. ಅದರ ಮೇಲೆ ಕೂತರೆ, ಜೋತಾಡಿದರೆ ತಂತಿ ಸಡಿಲವಾಗುತ್ತದೆ, ಬಿಲ್ಲೆ ಒಡೆಯುತ್ತದೆ, ಒಡೆದ ಅಂಚು ಮೈ ಗೀರುತ್ತದೆ. ನಿಜವಾಗಿಯೂ ಉಸಿರು ಸಿಕ್ಕಿಕೊಂಡವರು ಹಗ್ಗ ಹಿಡಿಯಲಿ, ಅದು ತಪ್ಪಲ್ಲ. ಒಂದು ಲೇನಿನಿಂದ ಇನ್ನೊಂದಕ್ಕೆ ಹೋಗುವವರು ಗೋಡೆಯ ಬಳಿಯೇ, ಯಾರೂ ತಿರುಗುತ್ತಿಲ್ಲದಾಗ, ಹಗ್ಗದ ಕೆಳಗೆ ನುಸುಳಬೇಕು.

ಹೆಂಗಸರಿಗೆ ಪ್ರತ್ಯೇಕ ಬ್ಯಾಚುಗಳಿದ್ದರೂ ಕೆಲಸಕ್ಕೆ ಹೋಗುವ ಅನೇಕರಿಗೆ ಆ ಹೊತ್ತು ಹೊಂದುವುದಿಲ್ಲ, ಮಿಶ್ರ ಬ್ಯಾಚಿಗೇ ಬರುತ್ತಾರೆ. ಅವರು ಅಲ್ಲಿ ಎದುರಿಸುವ ಕಿರಿಕಿರಿಗಳಲ್ಲಿ ಒಂದು, ಕೇಳದೇ ಬರುವ ಪಾಠ. "ಕೈ ಹೀಗೆ ತಿರುಗಿಸಿ, ಉಸಿರು ಹಾಗೆ ಬಿಡಿ" ಎಂದು ಅಪರಿಚಿತರು ಪ್ರತಿ ಸುತ್ತಿಗೂ ಕಾದು ನಿಂತು ಹೇಳುತ್ತಿದ್ದರೆ, ಉದ್ದೇಶ ಒಳ್ಳೆಯದಿದ್ದರೂ, ಆಕೆ ಆ ಗೋಡೆಯಲ್ಲಿ ನಿಲ್ಲುವುದನ್ನೇ ಬಿಡುತ್ತಾಳೆ. ಕಲಿಸುವ ಕೆಲಸ ಕೋಚ್‌ನದು. ಆಕಸ್ಮಿಕವಾಗಿ ಕೈ ತಾಗುವುದು ತುಂಬಿದ ಲೇನಿನಲ್ಲಿ ತಪ್ಪದು. ಕೂಡಲೇ ನಿಂತು, ಮುಖ ಮೇಲೆತ್ತಿ "ಸಾರಿ" ಎಂದರೆ ಸಂದೇಹಕ್ಕೆ ಎಡೆಯಿರದು. ಏನೂ ಆಗದವರಂತೆ ಈಜಿಕೊಂಡು ಹೋದರೆ ಎಡೆಯಿದೆ. ದಂಡೆಯಲ್ಲಿ ನಿಂತು ಮೊಬೈಲಿನಲ್ಲಿ ತಮ್ಮ ಮಗುವಿನ ವಿಡಿಯೋ ತೆಗೆಯುವ ಅಪ್ಪ-ಅಮ್ಮಂದಿರು ಚೌಕಟ್ಟಿನೊಳಗೆ ಬೇರೆ ಯಾರೆಲ್ಲ ಇದ್ದಾರೆಂದು ನೋಡಬೇಕು. ಸಿಬ್ಬಂದಿ ಬೇಡವೆಂದರೆ ಫೋನು ಚೀಲಕ್ಕೆ ಹೋಗಬೇಕು.

ಒಂದೇ ನೀರನ್ನು ಹಂಚಿಕೊಳ್ಳುವುದೂ ಇದೇ ಶಿಷ್ಟಾಚಾರದ ಭಾಗ. ನೈಲಾನ್ ಈಜುಡುಗೆ, ತಲೆಗೆ ಟೋಪಿ, ಇಳಿಯುವ ಮುನ್ನ ಸ್ನಾನ ಎಂದು ಕೊಳದವರು ಒತ್ತಿ ಹೇಳುವುದಕ್ಕೆ ಕಾರಣವಿದೆ. ಹತ್ತಿಬಟ್ಟೆ ಎಳೆ ಬಿಡುತ್ತದೆ, ಫಿಲ್ಟರಿಗೆ ಸಿಕ್ಕಿಕೊಳ್ಳುತ್ತದೆ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬರುವುದು ನಮ್ಮಲ್ಲಿ ಮನೆಮನೆಯ ರೂಢಿ. ಕೂದಲಿಗೆ ಕ್ಲೋರಿನ್ ತಾಗದಿರಲೆಂದು ಅಜ್ಜಿ ಇನ್ನಷ್ಟು ಹಚ್ಚಿ ಕಳಿಸುವುದೂ ಉಂಟು. ಆ ಎಣ್ಣೆ ನೀರಿನ ಮೇಲೆ ಪೊರೆಯಾಗಿ ತೇಲಿ ಎಲ್ಲರ ಮುಖಕ್ಕೆ, ಕನ್ನಡಕಕ್ಕೆ ಮೆತ್ತುತ್ತದೆ. ಎಣ್ಣೆಯ ಬದಲು ಕೂದಲನ್ನು ಶುದ್ಧ ನೀರಿನಲ್ಲಿ ಚೆನ್ನಾಗಿ ತೋಯಿಸಿ ಟೋಪಿ ಹಾಕಿದರೆ ಕೂದಲು ಹೀರುವ ಕ್ಲೋರಿನ್ ನೀರು ಕಡಿಮೆಯಾಗುತ್ತದೆ. ಕೊಳದ "ಕ್ಲೋರಿನ್ ವಾಸನೆ" ಮೂಗಿಗೆ ಹೊಡೆದರೆ ಔಷಧ ಜಾಸ್ತಿ ಹಾಕಿದ್ದಾರೆಂದು ಬೈಯುವುದು ವಾಡಿಕೆ. ಆದರೆ ಆ ಘಾಟು, ಕಣ್ಣಿನ ಉರಿ ಬಹುಪಾಲು ಬರುವುದು ಕ್ಲೋರಮೈನ್‌ಗಳಿಂದ. ಬೆವರು, ಮೂತ್ರ, ಮೈಕೊಳೆಯೊಂದಿಗೆ ಕ್ಲೋರಿನ್ ಸೇರಿದಾಗ ಅವು ಹುಟ್ಟುತ್ತವೆ. ಒಂದು ನಿಮಿಷ ಷವರ್ ಕೆಳಗೆ ನಿಂತರೆ ಮೈಮೇಲಿನ ಕೊಳೆಯ ಬಹುಪಾಲು ತೊಳೆದುಹೋಗುತ್ತದೆ. ಭೇದಿ ಆಗುತ್ತಿರುವವರು ನೀರಿಗೆ ಇಳಿಯಲೇಬಾರದು, ಮಕ್ಕಳನ್ನೂ ಇಳಿಸಬಾರದು. ಕ್ರಿಪ್ಟೊಸ್ಪೊರಿಡಿಯಂ ಎಂಬ ಪರೋಪಜೀವಿ ಸರಿಯಾಗಿ ಕ್ಲೋರಿನ್ ಹಾಕಿದ ನೀರಿನಲ್ಲೂ ವಾರಕ್ಕಿಂತ ಹೆಚ್ಚು ದಿನ ಬದುಕಬಲ್ಲದು.

ಇಷ್ಟೆಲ್ಲ ಆದಮೇಲೂ ಹೇಳಿದ್ದನ್ನು ಕೇಳದವರು ಸಿಗುತ್ತಾರೆ. ಅವರೊಡನೆ ನಡುನೀರಿನಲ್ಲಿ ವಾದ ಬೇಡ. ಗೋಡೆಯ ಬಳಿ ಒಮ್ಮೆ ಹೇಳಿ ನೋಡಬೇಕು, ಆಗದಿದ್ದರೆ ಜೀವರಕ್ಷಕರಿಗೆ ತಿಳಿಸಿ ಲೇನ್ ಬದಲಿಸಬೇಕು. ಜೀವರಕ್ಷಕರ ಮಾತಿಗೆ ಎದುರಾಡುವಂತಿಲ್ಲ. ಅವರ ಕಣ್ಣಿಗೆ ಮೊದಲು ಬೀಳದ್ದು ಅದೇ ಲೇನಿನಲ್ಲಿ ಈಜುತ್ತಿರುವವರಿಗೆ ಕಾಣಬಹುದು ಎಂಬುದನ್ನೂ ನೆನಪಿಡಬೇಕು. ಮುಳುಗುತ್ತಿರುವವರು ಸಿನಿಮಾದಲ್ಲಿ ತೋರಿಸುವ ಹಾಗೆ ಕೈಬೀಸಿ ಕೂಗುವುದು ಅಪರೂಪ. ಉಸಿರಿಗೇ ಪರದಾಡುವವರಿಗೆ ಕೂಗಲು ಉಸಿರೆಲ್ಲಿ? ದೇಹ ನೆಟ್ಟಗೆ, ಬಾಯಿ ನೀರಿನ ಮಟ್ಟದಲ್ಲಿ ಮೇಲೆ ಕೆಳಗೆ, ಸದ್ದಿಲ್ಲ. ಲೇನಿನ ನಡುವೆ ಯಾರಾದರೂ ಹಾಗೆ ನಿಂತಂತೆ ಕಂಡರೆ ದಾರಿಗೆ ಅಡ್ಡವೆಂದು ಸಿಡುಕುವ ಮೊದಲು "ಬರೇ ಆಹಾತ್ ನಾ?" (ಆರಾಮಾಗಿದ್ದೀರಲ್ಲ?) ಎಂದು ಕೇಳಬೇಕು. ಉತ್ತರ ಬಾರದಿದ್ದರೆ ಜೀವರಕ್ಷಕರನ್ನು ಕೂಗಿ, ಕಿಕ್‌ಬೋರ್ಡನ್ನು ಮುಳುಗುತ್ತಿರುವವರತ್ತ ಚಾಚಬೇಕು. ಕೊಳದ ಆ ತುದಿಯವರೆಗೆ ಉಸಿರು ಬಿಗಿಹಿಡಿದು ನೀರಡಿಯಲ್ಲೇ ಹೋಗುವ ಪಂದ್ಯ ಹುಡುಗರಿಗೆ ಬಲು ಇಷ್ಟ. ಅದನ್ನು ಕಂಡಲ್ಲೇ ನಿಲ್ಲಿಸಬೇಕು. ಜೋರಾಗಿ ಉಸಿರಾಡಿ ಮುಳುಗಿದವರಿಗೆ ಮುನ್ಸೂಚನೆಯೇ ಇಲ್ಲದೆ ನೀರಿನೊಳಗೆ ಪ್ರಜ್ಞೆ ತಪ್ಪಬಹುದು.

ಬ್ಯಾಚು ಮುಗಿದ ಸೀಟಿಗೆ "ಇನ್ನೊಂದೇ ಸುತ್ತು" ಎನ್ನುವವರಿಂದ ಹೊರಗೆ ಕಾದಿರುವ ಮುಂದಿನ ಬ್ಯಾಚಿನ ನಿಮಿಷಗಳು ಹೋಗುತ್ತವೆ. ಮೇ ತಿಂಗಳ ಸಂಜೆ ಗುಡುಗು ಕೇಳಿಸಿದರಂತೂ ಸೀಟಿಗೂ ಕಾಯದೆ ಮೇಲೆ ಬರಬೇಕು. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ನೀರಿನಿಂದ ದೂರವಿರಬೇಕೆಂಬುದು ಎಲ್ಲೆಡೆ ಒಪ್ಪಿರುವ ನಿಯಮ. ಜೂನ್‌ನಲ್ಲಿ ಶಾಲೆ ತೆರೆದು ಮಳೆ ಹಿಡಿದ ಮೇಲೆ ಕೊಳಗಳಲ್ಲಿ ಜನ ಕಡಿಮೆಯಾಗುತ್ತಾರೆ. ಸುತ್ತು ಹೊಡೆದು ಅಭ್ಯಾಸವಿಲ್ಲದವರು ಕಲಿಯಲು ಅದೇ ತಕ್ಕ ಹೊತ್ತು. ಲೇನಿನಲ್ಲಿ ಒಬ್ಬರೇ ಇದ್ದರೂ ಕಪ್ಪು ಗೆರೆಯ ಬಲಕ್ಕೇ ಹೋಗಿ, ಅಡ್ಡಗೆರೆಯ ಹತ್ತಿರ ನಡುವಿಗೆ ಸರಿದು, ಇನ್ನೊಂದು ಬದಿಯಲ್ಲಿ ಮರಳಿ, ದಣಿದಾಗ ಮೂಲೆಯಲ್ಲೇ ನಿಲ್ಲುವುದನ್ನು ರೂಢಿಸಿಕೊಳ್ಳಬಹುದು.